ಎದೆಮಟ್ಟ

ಮರವನ್ನು ಅಳೆಯಬೇಕಾದದ್ದು ಎದೆಮಟ್ಟದಲ್ಲಿ,
ಕೈಪಿಡಿಯಲ್ಲಿ ಹಾಗಿದೆ.
ಯಾರ ಎದೆಮಟ್ಟ? ಎಂದು ಕೇಳಿದವಳು
ರಾಹೇರಾಳ ಮೊಮ್ಮಗಳು, ಏಳು ವರ್ಷದ ಮೆರೆಯಾನಾ.
ಒಂದು ಮೀಟರು ನಲವತ್ತು, ಎಂದೆ.
ಅಷ್ಟೆತ್ತರ ನಾನೇ ಇಲ್ಲವಲ್ಲ ಎನ್ನುತ್ತ
ಅಳತೆಪಟ್ಟಿಯ ತುದಿ ಹಿಡಿದು ಓಡಿದಳು.

ಗಿಸ್ಬರ್ನಿನಿಂದ ಉತ್ತರಕ್ಕೆ, ಕಡಲ ಕಡೆ ಮುಖ ಮಾಡಿದ
ಈ ಗುಡ್ಡ ನನ್ನಪ್ಪನದು.
ಕಡಿದರೆ ಎಕರೆಗಿಷ್ಟು ಎಂದು ಸರಕಾರ ಕೊಟ್ಟ ಹಣದಲ್ಲಿ
ಮಾನುಕಾ ಸುಟ್ಟ, ಹುಲ್ಲು ಬಿತ್ತಿದ,
ಎರಡು ಸಾವಿರ ಕುರಿ ಬಿಟ್ಟ.
ಬೋಳು ಗುಡ್ಡವೆಂದರೆ ಅವನಿಗೆ ಚೊಕ್ಕ ಗುಡ್ಡ,
ಭಾನುವಾರದ ಬಾಚಿದ ತಲೆ.

ಚಂಡಮಾರುತದ ಆ ಮಾರ್ಚಿನಲ್ಲಿ
ಮೂರು ದಿನ ಬಿಡದೆ ಸುರಿದು
ನಾಲ್ಕನೆಯ ಬೆಳಗ್ಗೆ ನೋಡಿದರೆ, ಗುಡ್ಡ
ಉಣ್ಣೆ ಕತ್ತರಿಸುವ ಕೊಟ್ಟಿಗೆಯೊಳಗೆ ಬಂದು ನಿಂತಿತ್ತು,
ಅಪ್ಪನ ಎದೆಮಟ್ಟ ಕೆಸರು.
ಎರಡೂ ಕೈ ಮೇಲೆತ್ತಿ ನಡೆದ ಅದರೊಳಗೆ,
ಪೊಲೀಸರಿಗೆ ಶರಣಾದವನ ಹಾಗೆ.
ಬೇಲಿಗೂಟಗಳು ತಂತಿಸಮೇತ ಸಮುದ್ರ ಸೇರಿದವು.
ಆಮೇಲೂ ಹುಲ್ಲನ್ನೇ ಬಿತ್ತಿದ.
ಬೇರೆ ಏನು ಗೊತ್ತಿತ್ತು, ಪಾಪ.

"ನಿಮ್ಮಪ್ಪ ಸುಟ್ಟದ್ದು ನಮ್ಮಜ್ಜಿಯ ಔಷಧದಂಗಡಿ"
ಎಂದಳು ರಾಹೇರಾ, ಮೊದಲ ಶನಿವಾರ,
ಗಾಡಿಯಿಂದ ಗುದ್ದಲಿ ಇಳಿಸುತ್ತ.
ಏನನ್ನಲಿ ಎಂದು ನಾನು ಮಾತು ಹುಡುಕುವಷ್ಟರಲ್ಲಿ
"ಇಲ್ಲಿಂದ ಶುರು ಮಾಡೋಣ ಬಾ, ಮಣ್ಣು ಮೆತ್ತಗಿದೆ."

ಅಲ್ಲಿಂದ ಶನಿವಾರಗಳು.
ಟೋಂಗಾದವರ ಚರ್ಚಿನಿಂದ ಹನ್ನೆರಡು ಜನ,
ನಾಲ್ಕು ದನಿಗಳಲ್ಲಿ ಹಾಡುತ್ತ ಒಂದೇ ದನಿಯಲ್ಲಿ ಅಗೆಯುವವರು.
ಬಸ್ಸು ಓಡಿಸಿ ನಿವೃತ್ತನಾದ ಪ್ರಿಕೆಟ್,
ಮೂರು ಗಿಡ ನೆಟ್ಟು ಮೂವತ್ತು ಕಥೆ ಹೇಳುವವನು.
ಬೇಗ ಮುಗಿಯಲೆಂದು ಒಂದೇ ಗುಂಡಿಗೆ
ಐದೈದು ಸಸಿ ತುರುಕಿದ ಶಾಲೆ ಹುಡುಗರು
(ಐದೂ ಬದುಕಿವೆ, ಮೊಣಕೈಯಲ್ಲಿ ತಿವಿದಾಡುತ್ತ).
ಮೊಲ ತಿಂದದ್ದೆಷ್ಟೋ, ಕಾಡುಮೇಕೆ ತಿಂದದ್ದೆಷ್ಟೋ.
ಬೇಲಿಯಾಚೆಯ ಟ್ಯಾರಂಟ್ ಜೀಪು ನಿಲ್ಲಿಸಿ ಕೇಳಿದ:
"ಏನಮ್ಮಾ, ಈಗ ಗಾಳಿ ಮಾರುತ್ತೀಯಂತೆ?"

ಮಾರಿದೆ.
ಮೊದಲ ಕಾರ್ಬನ್ ಕ್ರೆಡಿಟ್ಟಿನ ಹಣಕ್ಕೆ ಬಂದದ್ದು
ಬೇಲಿ ತಂತಿ, ನಲವತ್ತು ಪಾಸಮ್ ಬೋನು,
ತುಕ್ಕು ಹಿಡಿದ ಟ್ರೇಲರು, ಎಲ್ಲರಿಗೂ ಸಾಸೇಜು.
ಕೊಂಡದ್ದು ಯಾವುದೋ ವಿಮಾನ ಕಂಪನಿ.
ರಾತ್ರಿ ಕಣಿವೆಯ ಮೇಲೆ ಕೆಂಪು ದೀಪ
ಮಿಣುಕುತ್ತ ದಾಟಿದರೆ ನಿದ್ದೆ ಬಾರದು:
ಈಗ ಹೋದದ್ದು ನನ್ನ ಯಾವ ಸಾಲಿನ ಮಾನುಕಾ?
ಯಾರದೋ ಸಾಲ ತೀರಿಸುತ್ತಿದ್ದೇನೋ,
ಇನ್ನಷ್ಟು ಸಾಲಕ್ಕೆ ಜಾಮೀನು ನಿಂತಿದ್ದೇನೋ.
ರಾಹೇರಾಳನ್ನು ಕೇಳಿದೆ.
ಅವಳು ಸಾಸೇಜು ಅಗಿದು ಮುಗಿಸಿ,
"ಬೋನಿಗೆ ಕಡಲೆಬೆಣ್ಣೆ ಹಚ್ಚಿದೆಯಾ?" ಎಂದಳು.

ಇವತ್ತು ಅಳತೆ.
ಮಾನುಕಾ ತಲೆಯ ಮೇಲೆ ಹೋಗಿವೆ, ಜೇನು ಗುಂಯ್‌ಗುಡುತ್ತಿದೆ.
ಪಟ್ಟಿ ಸುತ್ತಿ ನಾನು ಓದುತ್ತೇನೆ,
ಮೆರೆಯಾನಾ ಬರೆಯುತ್ತಾಳೆ, ಏಳನ್ನು ತಿರುಗಿಸಿ.
ಅವುಗಳ ನೆರಳಿನಲ್ಲಿ ಒಂದು ಟೋಟಾರಾ,
ಮೊದಲ ಶನಿವಾರ ಅವಳಜ್ಜಿ ನೆಟ್ಟದ್ದು,
ಎರಡು ಸಲ ಮೊಲ ಮೇದು ಮತ್ತೆ ಚಿಗುರಿದ್ದು.
ಸಾವಿರ ವರ್ಷ ಬಾಳುವ ಮರಕ್ಕೆ ಅವಸರವೇನು,
ಒಂಬತ್ತು ಕಳೆದರೂ ಇನ್ನೂ ಗೇಣು ಕಡಿಮೆ.
ಎದೆಮಟ್ಟ ಮುಟ್ಟದ್ದಕ್ಕೆ ದಪ್ಪವಿಲ್ಲ,
ದಪ್ಪವಿಲ್ಲದ್ದಕ್ಕೆ ತೂಕವಿಲ್ಲ,
ತೂಗದ್ದನ್ನು ಮಾರುವ ಹಾಗಿಲ್ಲ.

"ಸೊನ್ನೆ ಬರಿ" ಎಂದೆ.

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಗಿಡದ ಪಕ್ಕ ಹಿಮ್ಮಡಿ ಜೋಡಿಸಿ ನಿಂತಳು,
ನೆತ್ತಿಯ ಮೇಲೆ ಅಂಗೈ ಚಪ್ಪಟೆ ಇಟ್ಟು
ಜಾರಿಸಿದಳು ಚಿಗುರಿನ ಕಡೆಗೆ.
ಸರಿಸಮ.
"ಹಾಗಾದರೆ ನನಗೂ?"

ಬೋನುಗಳಲ್ಲಿ ಏನಾದರೂ ಬಿದ್ದಿರಬಹುದೆಂದು
ನಾನು ಕೆಳಗೆ ನೋಡಿದೆ.
ಅವಳು ಕೊನೆಗೂ ಬರೆದಳು,
ಚೌಕದ ಗೆರೆ ದಾಟುವಷ್ಟು ದೊಡ್ಡ ಸೊನ್ನೆ,
ಅದಕ್ಕೆರಡು ಕಣ್ಣು, ಎರಡು ಜಡೆ.
ಲೆಕ್ಕ ತಪಾಸಿಗರು ಏನನ್ನುತ್ತಾರೋ.
ರಬ್ಬರು ನನ್ನ ಜೇಬಿನಲ್ಲೇ ಇತ್ತು.
ಮುಂದಿನ ಗಿಡ, ಎಂದೆ.